ಚರ್ಮಕ್ಕಂಟಿದ ನೈಲಾನ್

“ಯಾ ಅಲ್ಲಾ, ನಾನೇ ಕಿತ್ಬಿಟ್ನಲ್ಲ ಮೇಷ್ಟ್ರೇ!” ಆಸ್ಪತ್ರೆಯ ಕಾರಿಡಾರಿನಲ್ಲಿ ಖಾಲಾ ಎದೆ ಬಡಿದುಕೊಂಡು ಅಳುತ್ತಿದ್ದರು. ಅವರ ಕೈ ಹಿಡಿದು ಬೆಂಚಿನ ಮೇಲೆ ಕೂರಿಸಿದೆ.

ಖಾಲಾ ಅಂದರೆ ಚಿಕ್ಕಮ್ಮ, ಕೇರಿಯವರೆಲ್ಲ ಹಾಗೇ ಕರೆಯುವುದು; ಶಿಡ್ಲಘಟ್ಟದಲ್ಲಿ ನಮ್ಮ ಪಕ್ಕದ ಮನೆಯವರು. ಮನೆಯ ಹಿಂದೆಯೇ ಶೆಡ್ಡು. ಅತ್ತೆ, ಸೊಸೆ ಇಬ್ಬರೂ ಅಲ್ಲಿ ರೇಷ್ಮೆಗೂಡು ಬೇಯಿಸಿ ನೂಲು ಬಿಚ್ಚುತ್ತಾರೆ. ಅವತ್ತು ಬೆಳಿಗ್ಗೆ ಸೊಸೆ ಶಬಾನಾ ಒಲೆಗೆ ಸೌದೆ ತಳ್ಳುವಾಗ ದುಪಟ್ಟಾದ ತುದಿಗೆ ಬೆಂಕಿ ಹತ್ತಿಕೊಂಡಿತು. ನೈಲಾನ್ ನೆಟ್ಟಿನ ದುಪಟ್ಟಾ. (ರೇಷ್ಮೆ ತೆಗೆಯುವವರು ರೇಷ್ಮೆಯನ್ನೇ ಹೊದೆಯುತ್ತಾರೆ ಅಂದುಕೊಂಡಿದ್ದರೆ ನಿಮಗೊಂದು ದೊಡ್ಡ ನಮಸ್ಕಾರ.) ಗಾಬರಿಯಲ್ಲಿ ಬಲಗೈಯಿಂದಲೇ ಹೊಸಕಿ ಆರಿಸಿದಳು. ಬಟ್ಟೆ ಕರಗಿ ಅಂಗೈಗೆ, ಬೆರಳುಗಳಿಗೆ ಮೆತ್ತಿಕೊಂಡಿತು.

ಓಡಿಬಂದ ಖಾಲಾ ಅದನ್ನು ಹಿಡಿದು ಎಳೆದರು.

ಅವರನ್ನು ಬೈಯಬೇಡಿ. ರೇಷ್ಮೆ ಅಸಲಿಯೋ ನಕಲಿಯೋ ಅಂತ ಎಳೆ ಸುಟ್ಟು ನೋಡುವ ಊರು ನಮ್ಮದು. ಸುಟ್ಟ ರೇಷ್ಮೆಯನ್ನು ಬೆರಳಲ್ಲಿ ಉಜ್ಜಿದರೆ ಪುಡಿಪುಡಿಯಾಗಿ ಉದುರುತ್ತದೆ. ಇದೂ ಉದುರೀತು ಅಂತ ಅವರ ಕೈ ನಂಬಿತ್ತು. ಬಟ್ಟೆಯ ಜೊತೆ ಚರ್ಮವೂ ಬಂತು.

ನಾನು ಕಾಲೇಜಿನಲ್ಲಿ ಕೆಮಿಸ್ಟ್ರಿ ಪಾಠ ಮಾಡುವವನು. ರೇಷ್ಮೆ, ನೈಲಾನ್ ಎರಡೂ ಪಾಲಿಅಮೈಡ್‌ಗಳೇ, ಒಂದೇ ಕುಲ. ಆದರೆ ನೈಲಾನಿನ ಅಣುಸರಪಣಿಗಳು ಮೆತ್ತಗೆ ಬಳುಕುವಂಥವು. ನೂಲಾಗಿ ಎಳೆದಾಗ ಸಾಲಾಗಿ ನಿಲ್ಲುತ್ತವೆ, ಅದಕ್ಕೇ ಅಷ್ಟು ಗಟ್ಟಿ. ಕಾವು ಮಿತಿ ಮೀರಿತೋ, ಸಾಲೆಲ್ಲ ಕುಸಿದು ಪಾಕವಾಗುತ್ತದೆ. ಬೆಲ್ಲದ ಪಾಕ ಕೈಮೇಲೆ ಬಿದ್ದವರಿಗೆ ಗೊತ್ತು ಅದರ ಉರಿ!

ಅದೇ ಕುಲದಲ್ಲಿ ಅರಾಮಿಡ್ ಅಂತ ಇನ್ನೊಂದಿದೆ. ಅದರ ಸರಪಣಿಗಳು ಗಡುಸು, ಬಾಗುವುದಿಲ್ಲ. ಬೆಂಕಿಪೊಟ್ಟಣದ ಕಡ್ಡಿಗಳ ಹಾಗೆ ಒತ್ತೊತ್ತಾಗಿ ಸಾಲುಗಟ್ಟಿರುತ್ತವೆ. ಬೆಂಕಿಗೆ ಹಿಡಿದರೂ ಕರಗುವುದಿಲ್ಲ. ಅಗ್ನಿಶಾಮಕದವರ ಕೋಟಿಗೆ ಬಳಸುವುದು ಇಂಥ ನೂಲನ್ನೇ.

“ಒಲೆ ಮುಂದೆ ಯಾರಾದ್ರೂ ನೈಲಾನ್ ಹಾಕ್ಕೊಂಡು ಕೂರ್ತಾರಾ?” ಅಂದರು ನೋಡಲು ಬಂದವರೊಬ್ಬರು. ನನಗೆ ಮೈಯೆಲ್ಲ ಉರಿಯಿತು.

“ಅಗ್ಗಕ್ಕೆ ಸಿಗೋದೇ ಅದು ಸ್ವಾಮಿ. ಬೇರೆ ನೀವು ಕೊಡಿಸ್ತೀರಾ?” ಅಂದೆ. ಅವರು ಜಾಗ ಖಾಲಿ ಮಾಡಿದರು.

ಡಾಕ್ಟರು ಹೊರಗೆ ಬಂದು ಹೇಳಿದರು: “ಅಂಟ್ಕೊಂಡಿದ್ದನ್ನ ಕೀಳಬಾರದಿತ್ತು. ತಣ್ಣೀರು ಹಾಕಿ ಹಾಗೇ ಕರ್ಕೊಂಡ್ ಬರ್ಬೇಕಿತ್ತು. ಚರ್ಮ ಕಸಿ ಮಾಡ್ಬೇಕಾಗತ್ತೆ. ಬೆರಳು ಮಡಚಕ್ಕೆ ಬರತ್ತೋ ಇಲ್ವೋ, ಈಗ್ಲೇ ಹೇಳಕ್ಕಾಗಲ್ಲ.”

ಬಿಸಿನೀರಲ್ಲಿ ತೇಲುವ ಗೂಡುಗಳಿಂದ ಕೂದಲಿಗಿಂತ ಸಣ್ಣ ಎಳೆಯ ತುದಿ ಹುಡುಕಿ ತೆಗೆಯುವ ಬೆರಳುಗಳು ಅವು. ಆ ಮನೆಯ ಅನ್ನ ನಿಂತಿರುವುದು ಅವುಗಳ ಮೇಲೆ.

ಒಳಗೆ ಹೋದೆ. ಶಬಾನಾ ಬ್ಯಾಂಡೇಜಿನ ಕೈ ನೋಡುತ್ತಾ ಕೇಳಿದಳು: “ಸಾರ್, ಈ ಕೈ ಮತ್ತೆ ಕೆಲ್ಸಕ್ಕೆ ಬರತ್ತಾ?”

“ಬರತ್ತೆ ಕಣಮ್ಮ” ಅಂದೆ. ನಿಜವೋ ಸುಳ್ಳೋ ನನಗೂ ಗೊತ್ತಿಲ್ಲ.

ಬೆಂಕಿ ಆರಿಸಲು ಹೋಗುವವನಿಗಾಗಿ ಕರಗದ ನೂಲು ಕಂಡುಹಿಡಿದ ಲೋಕಕ್ಕೆ, ದಿನಾ ಬೆಂಕಿಯೆದುರು ಕೂರುವವಳು ಕಾಣಿಸಲೇ ಇಲ್ಲವಾ?