ಸುನೀಲನಿಗೆ ಒಂದು ನಿಮಿಷ

ಆಸ್ಟ್ರೇಲಿಯಾದ ಪರ್ತ್‌ನ ಕನ್ನಡಿಗರಿಗೆ ಬಾಲಕೃಷ್ಣ ಎಂದರೆ ಭಾನುವಾರ ಬೆಳಗಿನ ದನಿ. ನಿವೃತ್ತರಾದ ಮೇಲೆ, ಜನರೇ ಸೇರಿ ನಡೆಸುವ ಪುಟ್ಟ ಸಮುದಾಯ ರೇಡಿಯೊದಲ್ಲಿ ವಾರಕ್ಕೊಂದು ಗಂಟೆ ಕನ್ನಡ ಮಾತಾಡುವುದೇ ಅವರ ಬದುಕಾಗಿತ್ತು. ಸಂಬಳವಿಲ್ಲ, ಕಾಫಿ ಕುಡಿದ ಕಪ್ಪನ್ನೂ ತಾವೇ ತೊಳೆಯಬೇಕು. "ದೊಡ್ಡ ಚಾನೆಲ್‌ನೋರು ನಮ್ಮ ಸುದ್ದಿ ಹೇಳ್ತಾರಾ? ನಾವೇ ಹೇಳ್ಕೋಬೇಕು," ಎಂದು ಎದೆಯುಬ್ಬಿಸುತ್ತಿದ್ದರು. ಯಾರ ಮನೆಯಲ್ಲಿ ನಾಮಕರಣ, ಯಾರ ಅತ್ತೆ ಊರಿಂದ ಬಂದರು, ಎಲ್ಲವನ್ನೂ ಹೇಳುತ್ತಿದ್ದರು. ಅದಕ್ಕೆ ಧೈರ್ಯವೇನೂ ಬೇಕಿರಲಿಲ್ಲ.

ಧೈರ್ಯ ಬೇಕಾದದ್ದು ಸುನೀಲ ಸತ್ತಾಗ. ಉತ್ತರದ ಗಣಿಯಲ್ಲಿ ಭೂವಿಜ್ಞಾನಿಯಾಗಿದ್ದ ಹುಡುಗ. ಓಡಿಸುತ್ತಿದ್ದ ಗಾಡಿ ಮಗುಚಿತು. ಅವನು ತೂಕಡಿಸಿದ್ದ ಎಂದು ಕಂಪನಿ ಹೇಳಿತು, ಪತ್ರಿಕೆಗಳು ಅದನ್ನೇ ಬರೆದವು. ಸುನೀಲನ ಹೆಂಡತಿ ಅಪರ್ಣಾ, ಬಾಲಕೃಷ್ಣರ ಮನೆಗೇ ಬಂದಳು.

"ಅಂಕಲ್, ಬ್ರೇಕ್ ಸರಿ ಇಲ್ಲ ಅಂತ ಇವ್ರು ಎರಡು ಸಲ ಕಂಪ್ಲೇಂಟ್ ಕೊಟ್ಟಿದ್ರು. ಅದೊಂದನ್ನ ರೇಡಿಯೋಲಿ ಹೇಳ್ಬಿಡಿ. ಎಲ್ರೂ ಇವ್ರದೇ ತಪ್ಪು ಅಂದ್ಕೊಂಡಿದಾರೆ."

"ಹೇಳ್ತೀನಮ್ಮ," ಎಂದು ಮಾತು ಕೊಟ್ಟರು.

ಭಾನುವಾರ ಸ್ಟುಡಿಯೊದಲ್ಲಿ ಯಂತ್ರ ನೋಡಿಕೊಳ್ಳುವ ಸುಮಂತ ವಿಷಯ ತಿಳಿದು ಬಾಗಿಲಿಗೆ ಅಡ್ಡ ನಿಂತ. ಅವನಿಗೂ ಅದೇ ಗಣಿ ಕಂಪನಿಯಲ್ಲಿ, ಪರ್ತ್‌ನ ಕಚೇರಿಯಲ್ಲಿ ಕೆಲಸ. ಅವನ ವೀಸಾ ಕಂಪನಿಯ ಕೈಯಲ್ಲಿತ್ತು.

"ಅಂಕಲ್, ನಾನಿರೋ ಪ್ರೋಗ್ರಾಮಲ್ಲಿ ಇದು ಬಂದ್ರೆ ನನ್ನ ಕಥೆ ಮುಗೀತು. ಮಗು ಹುಟ್ಟಿ ಇನ್ನೂ ತಿಂಗಳಾಗಿಲ್ಲ."

ಬಾಲಕೃಷ್ಣರ ಸಿಟ್ಟು ನೆತ್ತಿಗೇರಿ, ಅಲ್ಲೇ ಇಳಿದುಹೋಯಿತು. ಯಾರ ಮೇಲೆ ಕೂಗಾಡುವುದು? ಅಪರ್ಣಾ ಹೇಳಿದ್ದೂ ನಿಜ, ಇವನ ಭಯವೂ ನಿಜ. ಕಂಪನಿಯ ಸುಳ್ಳನ್ನಂತೂ ಓದಲಾರೆ ಎಂದುಕೊಂಡು ಮೈಕಿನ ಮುಂದೆ ಕುಳಿತರು.

"ನಮ್ಮ ಸುನೀಲ ನಮ್ಮನ್ನು ಅಗಲಿದ್ದಾನೆ. ಅವನಿಗಾಗಿ ಒಂದು ನಿಮಿಷ ಮೌನ," ಎಂದರು. ಹೇಳಲಾಗದ್ದು ಆ ಮೌನದಲ್ಲಾದರೂ ಅಪರ್ಣಾಳಿಗೆ ಕೇಳಿಸಲಿ ಎಂದು ಕಣ್ಣು ಮುಚ್ಚಿದರು. ಎಷ್ಟು ನಾಚಿಕೆಯಾಯಿತೆಂದರೆ, ಕಣ್ಣು ತೆರೆಯಲೂ ಮನಸ್ಸಾಗಲಿಲ್ಲ.

ಸದ್ದು ಸ್ವಲ್ಪ ಹೊತ್ತು ನಿಂತರೆ ಸಾಕು, ಪ್ರಸಾರ ಕೆಟ್ಟಿದೆಯೆಂದು ಸ್ಟುಡಿಯೊದ ಕಂಪ್ಯೂಟರ್ ತಾನಾಗಿಯೇ ಹಾಡು ಹಾಕುತ್ತದೆ. ಇಷ್ಟು ವರ್ಷ ಎಡೆಬಿಡದೆ ಮಾತಾಡಿದ ಮನುಷ್ಯನಿಗೆ ಅದು ನೆನಪಿರುವುದಾದರೂ ಹೇಗೆ? ಕುಣಿಯುವ ಇಂಗ್ಲಿಷ್ ಹಾಡೊಂದು ಶುರುವಾಯಿತು. ಸುಮಂತ ಗಾಬರಿಬಿದ್ದು ಅದನ್ನು ನಿಲ್ಲಿಸುವಷ್ಟರಲ್ಲಿ ಅರ್ಧ ಹಾಡು ಮುಗಿದೇಹೋಗಿತ್ತು.

ಕಾರ್ಯಕ್ರಮ ಮುಗಿಯುತ್ತಲೇ ಅಪರ್ಣಾಳ ಫೋನು ಬಂತು. ಅವಳ ದನಿಯಲ್ಲಿ ಒಂದಿಷ್ಟೂ ಸಿಟ್ಟಿರಲಿಲ್ಲ.

"ಅಂಕಲ್, ಮೌನ ಆದ್ಮೇಲೆ ಹಾಡು ಅಡ್ಡ ಬಂದ್ಬಿಡ್ತು. ನೀವು ಬ್ರೇಕ್ ವಿಷ್ಯ ಹೇಳಿದ್ದು ನಮಗೆ ಕೇಳಿಸ್ಲೇ ಇಲ್ಲ. ಮುಂದಿನ ವಾರ ಇನ್ನೊಂದ್ಸಲ ಹೇಳ್ತೀರಾ?"