ಹಲಗೆಗೆ ಜಾಗ ಬಿಡುವ ಅತ್ತಿಗೆ

ಎಲ್ಲರೂ ಮಲಗಿ ಬಹಳ ಹೊತ್ತಾಗಿದೆ. ದೋಣಿ ರಿಪೇರಿಯ ಶೆಡ್ಡಿನಿಂದ ಟಕ್, ಟಕ್ ಎಂಬ ಸಣ್ಣ ಸದ್ದು. ಅತ್ತಿಗೆಯ ಕೆಲಸದ ಬಗ್ಗೆ ಬರೆಯಲು ಬಂದು, ಪಕ್ಕದ ಕೋಣೆಯಲ್ಲಿ ಅವರ ಜೊತೆ ಮಲಗಿದ್ದ ನಾನು ಎದ್ದು ಕೂರುತ್ತೇನೆ. ಅತ್ತಿಗೆಗೂ ಎಚ್ಚರವಾಗಿದೆ.

"ಇಲಿ ಇರಬಹುದಾ?" ಎನ್ನುತ್ತೇನೆ.

"ಇಲಿ ಕೈಗೆ ಸುತ್ತಿಗೆ ಕೊಟ್ಟೋರ್ಯಾರು? ಸುಮ್ನೆ ಮಲ್ಕೊಳ್ಳಿ."

ಮೂವರು ಮೈದುನಂದಿರು ಕರೆದೂ ಕರೆದೂ ಆಕೆ ಊರಿಗೆಲ್ಲ ಅತ್ತಿಗೆಯಾಗಿದ್ದಾರೆ. ಮರದ ದೋಣಿಗೆ ನೀರು ಇಳಿಯದಂತೆ ಕಾಯುವುದು ಅವರ ಕೆಲಸ. ಹಳೇ ಬಣ್ಣ ಕೆರೆದು, ಒಣಗಿಸಿ, ಎಣ್ಣೆ ಕುಡಿಸಿ, ಹಲಗೆಗಳ ಸಂದಿಗೆ ಹತ್ತಿಯ ಎಳೆ ತುಂಬಿ, ಮೇಲೆ ಮೇಣ ಬಳಿಯುತ್ತಾರೆ. ಗಂಡ ತೀರಿಹೋದ ಮೇಲೆ ಅವರ ಉಳಿ ಇವರ ಕೈಗೆ ಬಂತು. "ಹೆಂಗಸಿನ ಕೈ, ಎಷ್ಟು ಬಿಗಿ ಬಂದೀತು?" ಎಂಬ ಅನುಮಾನವೂ ಜೊತೆಗೇ ಬಂತು.

ಬೆಳಕು ಹರಿಯುವ ಮೊದಲೇ ಆಕೆ ಶೆಡ್ಡಿನಲ್ಲಿರುವ ದೋಣಿಯ ಸಂದಿನ ಮೇಲೆ ಬೆರಳಾಡಿಸುತ್ತಾರೆ. ನಿನ್ನೆ ಹಗುರವಾಗಿ ತುಂಬಿದ್ದ ಹತ್ತಿ ಇಂದು ಕಲ್ಲಿನಂತಿದೆ. ರಾತ್ರಿ ಯಾರೋ ಇನ್ನಷ್ಟು ಬಡಿದು ಕೂರಿಸಿದ್ದಾರೆ. ಆಗದವರ ಕೈವಾಡವೇ? ಶೆಡ್ಡಿನಲ್ಲಿ ಓಡಾಡುವ ಪ್ರತಿಯೊಬ್ಬರ ಮುಖವನ್ನೂ ನಾನು ಗಮನಿಸತೊಡಗುತ್ತೇನೆ.

"ಒಣಗಿದ ಹಲಗೆ ನೀರಲ್ಲಿ ಉಬ್ಬುತ್ತೆ ಕಣಮ್ಮಾ. ಅದಕ್ಕೆ ಜಾಗ ಬಿಡಬೇಕು. ಹೀಗೆ ಗಿಡಿದು ತುಂಬಿದ್ರೆ ಒಂದನ್ನೊಂದು ತಳ್ಳಿ, ಒಳಗಿನ ಅಡ್ಡಪಟ್ಟಿನೇ ಮುರಿಯುತ್ತೆ," ಎನ್ನುತ್ತಾ ಕೊಕ್ಕೆ ಹಾಕಿ ಹತ್ತಿ ಕೀಳುತ್ತಾರೆ.

ಆ ದೋಣಿಯ ಒಡೆಯನಾದ ಮೈದುನ ಬರುತ್ತಾನೆ. "ಏನ್ ಅತ್ತಿಗೆ, ತುಂಬಿದ್ದನ್ನೇ ಕೀಳ್ತಿದೀರಾ? ನನ್ನ ಮುಳುಗಿಸಬೇಕು ಅಂತಾನಾ? ನೀರು ಬಂದ್ರೆ ಮುಂದಿನ ಸಲ ಬೇರೆಯವ್ರನ್ನ ನೋಡ್ಕೋತೀನಿ." ಅವನೇ ಹೋದರೆ ಉಳಿದ ದೋಣಿಯವರೂ ಹೋಗುತ್ತಾರೆ. ಅತ್ತಿಗೆಯ ಕಣ್ಣು ಅವನ ಹೆಬ್ಬೆರಳಿನ ಬಟ್ಟೆಕಟ್ಟಿನ ಮೇಲಿದೆ.

"ಏನಾಯ್ತೋ?"

"ಬಾಗಿಲಿಗೆ ಸಿಕ್ಕಿಸ್ಕೊಂಡೆ."

"ನಿಮ್ಮನೆ ಬಾಗಿಲು ಗಟ್ಟಿ ಬಿಡು," ಎಂದಷ್ಟೇ ಹೇಳಿ ಆಕೆ ಹೊಸ ಹತ್ತಿ ಹೊಸೆಯುತ್ತಾರೆ.

ಎರಡು ದಿನದ ನಂತರ ದೋಣಿ ನೀರಿಗಿಳಿಯುತ್ತದೆ. ಸಂಜೆ ಹೊತ್ತಿಗೆ ಒಳಗೆ ಪಾದ ಮುಳುಗುವಷ್ಟು ನೀರು. ದಡದಲ್ಲಿ ನಗು. "ಈಜು ಕಲಿಸಿದೀರಾ ಅತ್ತಿಗೆ ದೋಣಿಗೆ?" ಮೈದುನ ಬಕೆಟ್ ಹಿಡಿದು ನೀರು ಹೊರಗೆ ಚೆಲ್ಲುತ್ತಾನೆ, ಆಕೆಯ ಮುಖ ನೋಡುವುದಿಲ್ಲ. "ಮರ ಕುಡೀಲಿ, ತಾನೇ ನಿಲ್ಲಿಸುತ್ತೆ," ಎಂದು ಆಕೆ ದಡದಲ್ಲೇ ಕೂರುತ್ತಾರೆ. ಸೆರಗು ಹಿಂಡುವ ಬೆರಳುಗಳು ನನಗೆ ಕಾಣುತ್ತವೆ.

ಬೆಳಗ್ಗೆ ಹಲಗೆಗಳು ಉಬ್ಬಿ ಸಂದು ಮುಚ್ಚಿವೆ. ತಳಕ್ಕೆ ಹೊಸ ನೀರು ಬಂದಿಲ್ಲ. ಮೈದುನ ಕೈಯಿಂದ ಸವರಿ ನೋಡುತ್ತಾನೆ, ಮತ್ತೆ ಸವರುತ್ತಾನೆ. "ಮುಂದಿನ ವರ್ಷಕ್ಕೂ ನೀವೇ ಅತ್ತಿಗೆ," ಎಂದು ತಲೆ ತಗ್ಗಿಸಿ ಹೊರಡುತ್ತಾನೆ.

ರಾತ್ರಿ ಸುತ್ತಿಗೆ ಏಟು ತಿಂದ ಆ ಹೆಬ್ಬೆರಳಿನ ವಿಷಯ ಎತ್ತುವುದಿಲ್ಲವೇ ಎಂದು ಕೇಳುತ್ತೇನೆ.

"ಎತ್ತಿದ್ರೆ ನಾಳೆಯಿಂದ ಎದುರು ಬರೋಕೆ ನಾಚ್ಕೋತಾನೆ. ಮೂವರಲ್ಲಿ ಯಾರು ಅಂತ ನೀವೂ ಬರೀಬೇಡಿ. ಇಲ್ಲಿ ನಾನಂತೂ ಯಾರ ಹತ್ರಾನೂ ಬಾಯಿಬಿಡಲ್ಲ."