ಉರಿಮೈ ಅಂದರೆ ಮೈ ಉರಿಯಲ್ಲ

ಮದರಾಸಿಗೆ ಬಂದು ವಾರವೂ ಆಗಿರಲಿಲ್ಲ. ನಾನು ಯಾರನ್ನೋ ಕೋಣೆಯಲ್ಲಿ ಕೂಡಿಹಾಕಿಕೊಂಡು ಬೈಯುತ್ತಿದ್ದೇನೆ ಎಂದು ಮನೆ ಒಡತಿ ಮಹಡಿ ಹತ್ತಿ ಬಂದು ಮಂಚದ ಕೆಳಗೂ ಬಗ್ಗಿ ನೋಡಿದರು. ಅಲ್ಲಿ ನನ್ನ ಟ್ರಂಕು ಬಿಟ್ಟರೆ ಏನೂ ಇರಲಿಲ್ಲ.

"ದಿನಾ ಒಬ್ಬರೇ ಯಾರ ಜೊತೆಗಪ್ಪಾ ಸಂಡೈ ಹಾಕ್ತೀರಿ?"

ಸಂಡೈ ಅಂದರೆ ಜಗಳ. ಜಗಳವಲ್ಲ ಮಾಮಿ, ಹಾಡು, ಇದಕ್ಕೆ ರ್‍ಯಾಪ್ ಅಂತಾರೆ ಎಂದೆ. ಹಾಡಾದರೆ ರಾಗ ಎಲ್ಲಿ ಎಂದು ಕೇಳಿ, ಉತ್ತರಕ್ಕೆ ಕಾಯದೆ ಇಳಿದುಹೋದರು.

ಪದ್ಮಾ ಮಾಮಿಯ ಮನೆಯವರು ಅಜ್ಜನ ಕಾಲದಿಂದ ವೆಸ್ಟ್ ಮಾಂಬಲಂನಲ್ಲಿರುವ ಕನ್ನಡದವರು. ಕನ್ನಡದವನೆಂದೇ ಕೋಣೆ ಕೊಟ್ಟಿದ್ದರು. ಆದರೆ ಅವರ ಕನ್ನಡ ನನಗೆ ಅರ್ಧ, ನನ್ನ ರಾಣೆಬೆನ್ನೂರಿನ ಕನ್ನಡ ಅವರಿಗೆ ಅರ್ಧ. ನಾನು ಕೋಣೆಗೆ ನನ್ನದೇ ಬೀಗ ತಂದು ಹಾಕಿದೆ. ಅವರು ಮೆಟ್ಟಿಲ ಬಾಗಿಲಿಗೆ ಇನ್ನೊಂದು ಹಾಕಿದರು.

ನಾನು ಏಳನೆಯ ಇಯತ್ತೆಗೇ ಸಾಲಿ ಬಿಟ್ಟವನು. ಅಣ್ಣ ಬಸಣ್ಣನ ಜೊತೆ ಆಟೋದಲ್ಲಿ ಕೂತು ನಾಟಕ ಕಂಪನಿಗಳ ಪ್ರಚಾರ ಮಾಡುತ್ತಿದ್ದೆ. ಆಟೋ ಸಂತೆ ದಾಟುವುದರೊಳಗೆ ನಾಟಕ, ನಾಯಕಿ, ಟಿಕೆಟಿನ ದರ ಎಲ್ಲ ಒಂದೇ ಉಸಿರಿನಲ್ಲಿ ಹೇಳಬೇಕು. ಒಮ್ಮೆ ಆ ಕಡೆ ಬಂದಿದ್ದಾಗ ಅದನ್ನು ಕೇಳಿದ್ದ ಮುರಳಿ ಸಾರ್ ಮದರಾಸಿಗೆ ಕರೆಸಿಕೊಂಡರು. ಅವರದು ದೊಡ್ಡ ಕ್ಯಾಸೆಟ್ ಕಂಪನಿ. ತಮಿಳು ರ್‍ಯಾಪಿಗೆ ಆಗ ಗಿರಾಕಿ ಹುಟ್ಟುತ್ತಿದ್ದ ಕಾಲ. ಕನ್ನಡ ಅಕ್ಷರದಲ್ಲಿ ತಮಿಳು ಬರೆದುಕೊಂಡು ಹಾಡುತ್ತಿದ್ದೆ.

ಊರಲ್ಲಿ 'ನೋಡೋಣು' ಅಂದರೆ ನೋಡುತ್ತಾರೆ. ಇಲ್ಲಿ ಅದನ್ನೇ ತಮಿಳಿನಲ್ಲಿ 'ಪಾಕ್ಕಲಾಂ' ಅಂದರೆ ಆಗುವುದಿಲ್ಲ ಅಂತಲೇ ಅರ್ಥ. ಇದು ತಿಳಿದ ಮೇಲೆ ಯಾರ ಮಾತನ್ನೂ ನಂಬಲಿಲ್ಲ. ರೊಟ್ಟಿ ಇಲ್ಲದೆ ಮೂರು ಹೊತ್ತೂ ಅನ್ನ ತಿನ್ನಿಸುವ ಮೆಸ್ಸಿನವನ ಮೇಲೂ ಸಂಶಯ, ಸ್ಟುಡಿಯೋದಲ್ಲಿ ಕೊಟ್ಟ ಕಾಫಿಯ ಮೇಲೂ ಸಂಶಯ. ಅನುಮಾನ ಪಡದೆ ಬಿಟ್ಟದ್ದು ಒಂದೇ ಮಾತು.

ಮೈಲಾರಿ ಎಂಬ ನನ್ನ ಹೆಸರು ಕೇಳಿ ಮೈಲಾಪೂರಿನವನಾ ಎಂದು ನಕ್ಕ ಮುರಳಿ ಸಾರ್, 'ಸರವೆಡಿ' ಎಂದು ಬೇರೆ ಹೆಸರಿಟ್ಟರು. ಸರಪಟಾಕಿ ಅಂತ ಅರ್ಥ. ಆಮೇಲೆ ಪಾಟ್ಟು ಉರಿಮೈ, ಪೇರು ಉರಿಮೈ ಎಲ್ಲ ಕಂಪನಿಗೆ, ಸರಿಯಾ ಎಂದರು. ನಾನು ಮೇ ತಿಂಗಳ ಬಿಸಿಲಲ್ಲಿ ನಡೆದು ಬಂದಿದ್ದೆ. ಮೈ ಉರಿಯ ಬಗ್ಗೆ ಕೇಳುತ್ತಿದ್ದಾರೆ ಎಂದುಕೊಂಡು ಪರವಾಯಿಲ್ಲ ಸಾರ್ ಎಂದೆ. ಅವರು ತೋರಿಸಿದ ಕಡೆಯಲ್ಲೆಲ್ಲ ಸಹಿ ಹಾಕಿದೆ.

ಕ್ಯಾಸೆಟ್ ಓಡಿತು. ಟೀ ಅಂಗಡಿಗಳಲ್ಲಿ ನನ್ನ ದನಿಯೇ. ಆಗ ಕನ್ನಡ ಸಂಘದವರು ಕನ್ನಡದಲ್ಲಿ ಒಂದು ಹಾಡು ಕೇಳಿದರು. ಕಂಪನಿಯವರು ಒಪ್ಪಲಿಲ್ಲ. ಸರವೆಡಿ ಏನು ಹಾಡಬೇಕೆಂದು ನಾವು ಹೇಳುತ್ತೇವೆ, ಉರಿಮೈ ನಮ್ಮದಲ್ಲವೇ ಎಂದರು. ಮನೆಗೆ ಬಂದು ಮಾಮಿಯನ್ನು ಕೇಳಿದೆ.

"ಉರಿಮೈ ಅಂದ್ರೆ ಹಕ್ಕು ಕಣಪ್ಪಾ. ಹಾಡಿನ ಹಕ್ಕು, ಹೆಸರಿನ ಹಕ್ಕು. ನೀವೇನಂತ ತಿಳ್ಕೊಂಡ್ರಿ?"

ಹೇಳಿದೆ. ಮಾಮಿ ಸೆರಗು ಬಾಯಿಗಿಟ್ಟುಕೊಂಡು ನಕ್ಕರು. ಈಗ ನಿಜವಾಗಿಯೂ ಉರೀತಿದೆ ಮಾಮಿ ಎಂದೆ. ಅವರು ನಗು ನಿಲ್ಲಿಸಿ ಮಜ್ಜಿಗೆ ತಂದುಕೊಟ್ಟರು.

ಒಪ್ಪಂದದ ಅವಧಿ ಮುಗಿದಾಗ ಮುರಳಿ ಸಾರ್ ಮತ್ತೆ ಕರೆದರು. ಸರವೆಡಿಯನ್ನು ನೀವೇ ಇಟ್ಟುಕೊಳ್ಳಿ, ಮೈಲಾರಿ ಹೊರಟ ಎಂದೆ. ಹೆಸರಿಲ್ಲದೆ ಯಾರು ಕೇಳುತ್ತಾರೆ ಎಂದರು. ಒಂದಷ್ಟು ದಿನ ಯಾರೂ ಕೇಳಲಿಲ್ಲ. ವೇಲಚೇರಿಯ ಗೆಳೆಯನ ಹಳೆಯ ಕಂಪ್ಯೂಟರನ್ನು ತಂದು, ಕೋಣೆಯ ಗೋಡೆಗೆ ಕಂಬಳಿ ಹೊಡೆದು ನಾನೇ ಹಾಡಿದೆ, ನಾನೇ ಮುದ್ರಿಸಿದೆ. ನಾನು ಹಾಡಲು ಕೂತ ಹೊತ್ತಿಗೆ ಮಾಮಿ ನೀರಿನ ಮೋಟರ್ ನಿಲ್ಲಿಸುತ್ತಿದ್ದರು. ಕರೆಂಟು ಉಳಿಸುತ್ತಿದ್ದಾರೆ ಎಂದೇ ಬಹಳ ದಿನ ತಿಳಿದಿದ್ದೆ. ಸಿಡಿಗಳನ್ನು ಬಸ್ ಸ್ಟ್ಯಾಂಡಿನ ಅಂಗಡಿಗಳಿಗೆ ಹೊತ್ತು ಕೊಟ್ಟೆ. ಮೊಬೈಲ್ ಅಂಗಡಿಯವರು ಅವನ್ನು ಜನರ ಫೋನಿಗೆ ತುಂಬಿದರು. ಕಾಲೇಜುಗಳಿಂದ ಮೈಲಾರಿ ಬೇಕು ಎಂದು ಕರೆ ಬಂದಾಗ ಮೊದಲು ಯಾರೋ ತಮಾಷೆ ಮಾಡುತ್ತಿದ್ದಾರೆ ಎಂದು ಫೋನ್ ಇಟ್ಟೆ. ಎರಡನೆಯ ಸಲ ಅಡ್ವಾನ್ಸ್ ಕೊಟ್ಟರಷ್ಟೇ ಬರುವೆ ಎಂದೆ. ಕೊಟ್ಟರು. ತುಂಬಿದ ಮೈದಾನದಲ್ಲಿ ನನ್ನ ಹೆಸರು ಹಿಡಿದು ಕೂಗಿದರು.

ಆಮೇಲೆ ಕನ್ನಡದ ಹಾಡು ಮಾಡಿದೆ. ಮಳೆಯ ಮೇಲೆ. ಬಸಣ್ಣನಿಗೆ ಫೋನಿನಲ್ಲಿ ಪೂರ್ತಿ ಕೇಳಿಸಿದೆ.

"ಚೊಲೋ ಐತಿ ತಮ್ಮಾ," ಎಂದ. "ಹಾಡಿದ ತಮಿಳಾಂವ ಯಾರು?"

ಹೊಟ್ಟೆಕಿಚ್ಚು ಎಂದುಕೊಂಡೆ. ಮತ್ತೆ ಕೇಳಿದರೆ, 'ಮಳೆ' ಬರುವಲ್ಲೆಲ್ಲ ನನ್ನ ನಾಲಿಗೆ ತಮಿಳರ ಹಾಗೆ ಹಿಂದಕ್ಕೆ ಮಡಚಿಕೊಳ್ಳುತ್ತಿತ್ತು. ಅದೇ ಹಾಡನ್ನು ಮಾಮಿಗೆ ಕೇಳಿಸಿದೆ. ಇಷ್ಟು ವರ್ಷ ಇಲ್ಲಿದ್ದರೂ ನಿಮ್ಮೂರಿನ ಒರಟು ಹೋಗಲಿಲ್ಲವಲ್ಲ ಎಂದರು. ಇಬ್ಬರಲ್ಲಿ ಒಬ್ಬರು ಸುಳ್ಳು ಹೇಳುತ್ತಿದ್ದಾರೆ ಅನ್ನಿಸಿತು. ಊರಿನ ಮಳೆ ಈಗಲೂ ಬಾಯಿಗೆ ಬರುತ್ತದೆ, ಯೋಚಿಸಿ ಹೇಳಬೇಕು ಅಷ್ಟೇ. ಯೋಚಿಸಿದರೆ ತಾಳ ತಪ್ಪುತ್ತದೆ. ಮೊದಲು ಹಾಡಿದ್ದನ್ನೇ ಇಟ್ಟೆ.

ಕವರ್ ಅಚ್ಚು ಹಾಕುವವನು ಹೆಸರಿನ ಮುಂದೆ ಯಾವ ಊರು ಹಾಕಲಿ ಎಂದು ಕೇಳಿದ. ಯಾವುದನ್ನು ಹೇಳಿದರೂ ತಕರಾರು ತೆಗೆಯುವವರ ಮುಖ ಕಣ್ಣ ಮುಂದೆ ಬಂತು. ಊರು ಬೇಡ, ಮೈಲಾರಿ ಅಂತಷ್ಟೇ ಹಾಕು ಎಂದೆ.